ಮೇಡಂ ನಿದ್ದೆಯಲ್ಲಿ ದಾಟಿದ ಸ್ಟೇಷನ್

ನಿವೃತ್ತಳಾದ ದಿನ, ಬಂಗಾರಪೇಟೆಯ ನಮ್ಮ ಕಾಲೇಜಿನ ಉದ್ಯೋಗ ಮಾರ್ಗದರ್ಶನ ಘಟಕದ ಕಪಾಟಿನ ಬೀಗದ ಕೈಯನ್ನು ಹೊಸದಾಗಿ ಬಂದಿದ್ದ ಉಪನ್ಯಾಸಕಿಯ ಕೈಗೆ ಕೊಟ್ಟೆ. "ಮೇಡಂ, ಏನಾದ್ರೂ ಟಿಪ್ಸ್ ಕೊಡಿ" ಅಂದಳು. ಕಪಾಟಿನ ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆಯಬೇಕು, ಇಲ್ಲದಿದ್ದರೆ ತೆರೆಯುವುದಿಲ್ಲ ಅಂದೆ. ಹಾರ, ಶಾಲು, ಕೇಸರಿಬಾತಿನ ನಡುವೆ ಅದಕ್ಕಿಂತ ದೊಡ್ಡ ಬುದ್ಧಿಮಾತು ಹೊಳೆಯಲಿಲ್ಲ. ಈಗ ಉರಿಗಾಂನ ಮನೆಯ ಮುಂದೆ ಕುರ್ಚಿ ಹಾಕಿಕೊಂಡು, ಹಳೆಯ ಚಿನ್ನದ ಗಣಿಯ ಬೂದು ಮಣ್ಣಿನ ಗುಡ್ಡದ ಮೇಲೆ ಬಿಸಿಲು ನಿಧಾನವಾಗಿ ಹತ್ತುವುದನ್ನು ನೋಡುತ್ತಾ ಕೂತಾಗ ಒಂದೊಂದೇ ನೆನಪಾಗುತ್ತದೆ. ಆ ಹುಡುಗಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಕನಸುಗಾತಿ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನ ಅನಾಹುತಕ್ಕೆಲ್ಲ ಅದೇ ಮೂಲ. "ಇವಳು ಕಣ್ಣು ಬಿಟ್ಕೊಂಡೇ ನಿದ್ದೆ ಮಾಡ್ತಾಳೆ" ಎಂದು ಅಮ್ಮ ಬೈಯುತ್ತಿದ್ದಳು. ಅಪ್ಪ ಗಣಿಯಲ್ಲಿ ಹಾಜರಿ ಗುಮಾಸ್ತ. ಪಾಳಿ ಶುರುವಾಗುವಾಗ ಗಣಿಗೆ ಇಳಿಯುವ ಶಾಫ್ಟಿನ ಬಾಯಿಯ ಹತ್ತಿರ ನಿಂತು ಹೆಸರು ಕೂಗುವುದು ಅವರ ಕೆಲಸ. ಹೆಸರು ಕೂಗಿಸಿಕೊಂಡವನಿಗೆ ಆ ದಿನ ಕೆಲಸ ಉಂಟು. ಸಣ್ಣವಳಾಗಿದ್ದಾಗ ಆ ಕೂಗು ನನಗೆ ದೇವರ ಮಂತ್ರಕ್ಕಿಂತ ದೊಡ್ಡದಾಗಿ ಕೇಳುತ್ತಿತ್ತು. ಗಣಿ ಮುಚ್ಚಿದ ಮೇಲೆ ಸೈರನ್ ನಿಂತಿತು, ಕೂಗೂ ನಿಂತಿತು. ಊರೆಲ್ಲ ಬೆಂಗಳೂರಿನ ರೈಲು ಹತ್ತಿತು.

ನಾನೂ ಹತ್ತಿದೆ. ಮೊದಲ ಎಂಟು ವರ್ಷ ನನ್ನ ಕೆಲಸ ಮೆಜೆಸ್ಟಿಕ್ಕಿನ ಹತ್ತಿರದ ಕಾಲೇಜಿನಲ್ಲಿ. ಮನೆ ಮಾತ್ರ ಉರಿಗಾಂ. ಕತ್ತಲು ಹರಿಯುವ ಮುಂಚೆ ರೈಲು, ದೀಪ ಹತ್ತಿದ ಮೇಲೆ ಮನೆ. ಹೆಂಗಸರ ಬೋಗಿಯಲ್ಲಿ ನಮ್ಮದೊಂದು ಗುಂಪು. ಅಲ್ಲಿ ಯಾರೂ ಗಡಿಯಾರ ನೋಡುತ್ತಿರಲಿಲ್ಲ. ಬಂಗಾರಪೇಟೆ ದಾಟಿದರೆ ಎಲ್ಲರಿಗೂ ನಿದ್ದೆ. ಮಾಲೂರಿನವಳು ಮಾಲೂರಿಗೆ, ವೈಟ್‌ಫೀಲ್ಡಿನವಳು ವೈಟ್‌ಫೀಲ್ಡಿಗೆ ತಾನಾಗಿ ಕಣ್ಣು ಬಿಡುತ್ತಿದ್ದಳು. ಅಕಸ್ಮಾತ್ ಬಿಡದಿದ್ದರೆ ಪಕ್ಕದವಳು ಮೊಣಕೈಯಿಂದ ತಿವಿಯುತ್ತಿದ್ದಳು. ನನ್ನ ಮೈಗೆ ಕೊನೆಯ ಸ್ಟೇಷನ್ ತನಕ ಮಲಗುವುದು ಅಭ್ಯಾಸವಾಯಿತು. ಆಮೇಲೆ ಬಂಗಾರಪೇಟೆಗೆ ವರ್ಗವಾಗಿ ರೈಲಿನ ಸಹವಾಸ ಬಿಟ್ಟಿತು. ಮೈ ಮಾತ್ರ ಅಭ್ಯಾಸ ಬಿಡಲಿಲ್ಲ, ಅದು ನನಗೆ ತಿಳಿದಿರಲಿಲ್ಲ.

ಬಂಗಾರಪೇಟೆಗೆ ಬಂದ ಮೊದಲ ವಾರವೇ ಪ್ರಾಂಶುಪಾಲರು ಕರೆದು ಮಕ್ಕಳ ಉದ್ಯೋಗದ ಜವಾಬ್ದಾರಿ ನನ್ನ ತಲೆಗೆ ಕಟ್ಟಿದರು. ಒಳ್ಳೆಯ ಮನುಷ್ಯ. ಅವರ ಒಂದೇ ದೌರ್ಬಲ್ಯ ಫೋಟೊ. ಯಾವ ಕಾರ್ಯಕ್ರಮ ಮುಗಿಸಿ ಬಂದರೂ "ಫೋಟೊ ತೆಗೆಸಿದ್ರಾ ಮೇಡಂ?" ಎಂದೇ ಮೊದಲ ಪ್ರಶ್ನೆ. ವರದಿಗೆ ಫೋಟೊ ಇದ್ದರೆ ಕೆಲಸ ಆದ ಹಾಗೆ. ನಾನು ಬ್ಯಾನರ್ ಕಟ್ಟಿಸಿ, ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ, ವೃತ್ತಿ ಯೋಜನೆ ಎಂಬ ವಿಷಯದ ಮೇಲೆ ಭಾಷಣ ಮಾಡಿಸುತ್ತಿದ್ದೆ. ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ ಎಂದು ಅವರು ಕೇಳುತ್ತಿದ್ದರು. ಮಕ್ಕಳು ಕಿಟಕಿಯ ಕಡೆ ನೋಡುತ್ತಿದ್ದರು. ನಾಲ್ಕು ಗಂಟೆ ಆಗುತ್ತಿದ್ದಂತೆ ಹಿಂದಿನ ಬೆಂಚುಗಳು ಖಾಲಿಯಾಗುತ್ತಿದ್ದವು. ಬಹಳ ದಿನ ಅದನ್ನು ಅಶಿಸ್ತು ಅಂದುಕೊಂಡು ರೇಗಾಡಿದೆ. ಕೊನೆಗೊಮ್ಮೆ ಒಬ್ಬಳನ್ನು ತಡೆದು ಕೇಳಿದಾಗ, "ನಾಕೂ ಕಾಲ್ ಬಸ್ ಬಿಟ್ರೆ ಆಮೇಕೆ ಆರೂವರೇಗೇ ಮೇಡಂ, ಅದೂ ನಂಬಂಗಿಲ್ಲ" ಅಂದಳು. ಅಂದಿನಿಂದ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಬದಲಾಯಿತು. ಏನಾಗಬೇಕು ಅಂತಿದ್ದೀಯ ಎಂದು ಕೇಳುವುದು ಬಿಟ್ಟೆ. ನಿಮ್ಮೂರಿಗೆ ಕೊನೇ ಬಸ್ ಎಷ್ಟು ಗಂಟೆಗೆ ಎಂದು ಕೇಳಿ ಅದನ್ನೇ ರಿಜಿಸ್ಟರಿನಲ್ಲಿ ಹೆಸರಿನ ಮುಂದೆ ಬರೆದುಕೊಳ್ಳತೊಡಗಿದೆ. ಸಂಜೆ ಏಳಕ್ಕೆ ಬಿಡುವ ಆಫೀಸು ಕ್ಯಾಸಂಬಳ್ಳಿಯ ಒಳಗಿನ ಹಳ್ಳಿಯವಳಿಗೆ ಎಷ್ಟು ಒಳ್ಳೆಯದಾದರೂ ಕೆಲಸಕ್ಕೆ ಬಾರದು.

ಬಯೋಡೇಟಾದ ಕಥೆ ಇನ್ನೊಂದು. ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಒಂದೇ ನಮೂನೆ. ಹೆಸರು, ಹುಟ್ಟಿದ ದಿನ ಬದಲಾಯಿಸಿ ಎಲ್ಲರಿಗೂ ಅದನ್ನೇ ತೆಗೆದುಕೊಡುತ್ತಿದ್ದರು. ಹವ್ಯಾಸದ ಜಾಗದಲ್ಲಿ ಮೂವತ್ತು ಮಕ್ಕಳಿಗೂ ತೋಟಗಾರಿಕೆ ಮತ್ತು ಈಜು. ನಾನು ಕಣ್ಣಾಡಿಸಿ ಸಹಿ ಹಾಕಿ ಕಳಿಸಿದೆ. ಸಂದರ್ಶನದಲ್ಲಿ ನಮ್ಮ ಹುಡುಗನೊಬ್ಬನನ್ನು ಎಲ್ಲಿ ಈಜುತ್ತೀಯಪ್ಪ ಎಂದು ಕೇಳಿದರಂತೆ. "ನಮ್ಮೂರ್ ಬಾವೀಲಿ ಸಾರ್, ನೀರಿದ್ದಾಗ" ಅಂದನಂತೆ. ಅವರು ನಕ್ಕು ಅವನನ್ನು ತೆಗೆದುಕೊಂಡರು. ಉಳಿದವರನ್ನು ತೆಗೆದುಕೊಳ್ಳಲಿಲ್ಲ. ದಿನಾ ಬೆಳಿಗ್ಗೆ ಐದಕ್ಕೆ ಡೇರಿಗೆ ಹಾಲು ಹಾಕಿ ಬರುವ ಹುಡುಗಿಯರು ಆ ಹಾಳೆಯಲ್ಲಿ ಸುಮ್ಮನೆ ಈಜುತ್ತಿದ್ದರು. ಆಮೇಲೆ ಪ್ರತಿ ಹಾಳೆಯನ್ನೂ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಬರೆಸಿದೆ.

ಆದರೆ ಇವೆಲ್ಲ ಸಣ್ಣ ತಪ್ಪುಗಳು. ದೊಡ್ಡದು ನಿವೃತ್ತಿಗೆ ಎರಡು ವರ್ಷವಿದ್ದಾಗ ಆಯಿತು.

ಆಗ ಕೊನೆಯ ಸೆಮಿಸ್ಟರಿನವರಿಗೆ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಎಲ್ಲಾದರೂ ಮೂರು ತಿಂಗಳು ಕೆಲಸ ಕಲಿತು ಪತ್ರ ತರಬೇಕು. ಕೆಲಸವೇ ಮಾಡದೆ ಪತ್ರ ಮಾತ್ರ ಬರೆದುಕೊಡುವ ಪುಣ್ಯಾತ್ಮರೂ ಹುಟ್ಟಿಕೊಂಡಿದ್ದರು. ಅಂಥ ಪತ್ರಕ್ಕೆ ನಾನು ಸಹಿ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದೆ. ಆ ಹಟದ ನಡುವೆ ವೈಟ್‌ಫೀಲ್ಡಿನ ಒಂದು ಕಂಪನಿಯವರು ನಮ್ಮಿಂದ ಇಬ್ಬರನ್ನು ಕರೆದರು. ಬೆಳಿಗ್ಗೆ ಒಂಬತ್ತಕ್ಕೆ ಬರವಣಿಗೆಯ ಪರೀಕ್ಷೆ, ಆಮೇಲೆ ಮಾತುಕತೆ. ನಾನು ಆರಿಸಿದ್ದು ಸೆಲ್ವಿಯನ್ನು ಮತ್ತು ಮುನಿಲಕ್ಷ್ಮಿಯನ್ನು.

ಸೆಲ್ವಿ ನಮ್ಮ ಉರಿಗಾಂನ ಗಣಿ ಕಾರ್ಮಿಕರ ಸಾಲುಮನೆಯ ಹುಡುಗಿ, ಬಾಯಿ ಜೋರು. ಅವಳಿಗೆ ಇದಲ್ಲದಿದ್ದರೆ ಇನ್ನೊಂದು. ಮುನಿಲಕ್ಷ್ಮಿಯದು ಹಾಗಲ್ಲ. ಕಾಮಸಮುದ್ರದ ಆಚೆಯ ಹಳ್ಳಿ, ರಿಜಿಸ್ಟರಿನಲ್ಲಿ ಕೊನೇ ಬಸ್ ರಾತ್ರಿ ಒಂಬತ್ತಕ್ಕೆ. ಅಪ್ಪ ನಾರಾಯಣಪ್ಪ ಟೊಮೇಟೊ ಲಾರಿಗೆ ಲೋಡ್ ಮಾಡುವ ಕೂಲಿ. ಅವಳ ಚಿಕ್ಕಮ್ಮ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿದ್ದಳು, ಅಲ್ಲಿ ಒಂದು ಜಾಗ ಖಾಲಿ ಇತ್ತು. "ಈ ಒಂದ್ ದಪ ಓಗಿ ಬಾ. ಆಗ್ಲಿಲ್ಲಾಂದ್ರೆ ಸೋಮವಾರದಿಂದ ಚಿಕ್ಕಮ್ಮನ ಜತೇಲಿ ಬಸ್ ಅತ್ತು" ಎಂದು ಅಪ್ಪ ಖಡಾಖಂಡಿತ ಹೇಳಿದ್ದರು. ಹತ್ತಿದರೆ ಡಿಗ್ರಿ ಅಲ್ಲಿಗೇ ನಿಲ್ಲುತ್ತದೆ. ಇನ್ನು ನಾಲ್ಕೇ ತಿಂಗಳು ಉಳಿದಿತ್ತು. ಅವಳ ಮನೆತನದಲ್ಲಿ ಹತ್ತನೇ ತರಗತಿ ದಾಟಿದವಳು ಅವಳೊಬ್ಬಳೇ.

ಅವರಿಬ್ಬರೂ ವೈಟ್‌ಫೀಲ್ಡಿನಲ್ಲಿ ದಾರಿ ತಪ್ಪಿಯಾರು ಎಂದು ನಾನೇ ಜೊತೆಗೆ ಹೊರಟೆ.

ಆ ಬೆಳಗು ಇನ್ನೂ ಕಣ್ಣಿಗೆ ಕಟ್ಟಿದೆ. ಅವರೆಕಾಯಿಯ ಕಾಲ. ಉರಿಗಾಂ ಸ್ಟೇಷನ್ ಮಂಜಿನಲ್ಲಿ ಅರ್ಧ ಇತ್ತು, ಅರ್ಧ ಇರಲಿಲ್ಲ. ಸೆಲ್ವಿ ಗಂಡಸರೂ ಇರುವ ಬೋಗಿಗೆ ಹತ್ತಿದಳು, ನಾನೂ ಹಿಂದೆಯೇ ಹತ್ತಿದೆ. ನನ್ನ ಹಳೆಯ ಗುಂಪು ಹಿಂದಿನ ಹೆಂಗಸರ ಬೋಗಿಯಲ್ಲಿತ್ತು. ಬಂಗಾರಪೇಟೆಯಲ್ಲಿ ಮುನಿಲಕ್ಷ್ಮಿ ಬಂದು ಎದುರಿಗೆ ಕೂತಳು, ಎಣ್ಣೆ ಹಚ್ಚಿ ಬಾಚಿದ ತಲೆ, ತೊಡೆಯ ಮೇಲೆ ಫೈಲು. ಚಕ್ರದ ಸದ್ದು, ಕಿಟಕಿಯ ಸಂದಿನ ತಣ್ಣನೆ ಗಾಳಿ, ಯಾರದೋ ಹೂವಿನ ವಾಸನೆ. ಪರೀಕ್ಷೆಯಲ್ಲಿ ಹೆದರಬೇಡಿ ಎಂದು ಏನೋ ಹೇಳುತ್ತಿದ್ದೆ. ಮಾತು ಎಲ್ಲಿಗೆ ನಿಂತಿತೋ ತಿಳಿಯದು.

ಕನಸು ಬಿತ್ತು. ಅಪ್ಪ ಶಾಫ್ಟಿನ ಬಾಯಿಯಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಆದರೆ ಗಣಿಯವರ ಹೆಸರಲ್ಲ, ನನ್ನ ಮಕ್ಕಳ ಹೆಸರು. ಹದಿನೈದು ವರ್ಷದ ರಿಜಿಸ್ಟರಿನಲ್ಲಿದ್ದ ಅಷ್ಟೂ ಹೆಸರು, ಕೆಲಸ ಸಿಕ್ಕವರದು, ಸಿಗದವರದು, ನಾನು ಮರೆತೇಬಿಟ್ಟವರದು. ಒಬ್ಬೊಬ್ಬರೇ ತಲೆಗೆ ದೀಪ ಕಟ್ಟಿಕೊಂಡು ಬಂದು "ಬಂದೆ" ಅನ್ನುತ್ತಿದ್ದರು. ಒಂದು ಹೆಸರನ್ನೂ ಅಪ್ಪ ಬಿಡಲಿಲ್ಲ. ಎಷ್ಟು ನೆಮ್ಮದಿಯಾಯಿತೆಂದರೆ, ಆ ನೆಮ್ಮದಿ ಎಚ್ಚರದಲ್ಲಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕಣ್ಣು ಬಿಟ್ಟಾಗ ರೈಲು ನಿಂತಿತ್ತು. ಬೋಗಿ ಖಾಲಿ. ಹೊರಗೆ ನೋಡಿದರೆ ಮೆಜೆಸ್ಟಿಕ್, ನನ್ನ ಹಳೆಯ ಕೊನೆಯ ಸ್ಟೇಷನ್. ವೈಟ್‌ಫೀಲ್ಡ್ ಮುಕ್ಕಾಲು ಗಂಟೆ ಹಿಂದೆ ಉಳಿದಿತ್ತು. ಎದುರಿಗೆ ಇಬ್ಬರೂ ಫೈಲು ಹಿಡಿದು ನೆಟ್ಟಗೆ ಕೂತಿದ್ದರು.

"ಅಯ್ಯೋ, ಯಾಕ್ರೇ ಎಬ್ಬಿಸಲಿಲ್ಲ?"

"ನೀವು ನಮ್ ಮಿಸ್ ಅಲ್ವಾ" ಅಂದಳು ಸೆಲ್ವಿ. "ಮಿಸ್‌ನ ಮುಟ್ಟಿ ಎಬ್ಬಿಸೋದು ಎಂಗೆ? ಕಂಪನಿ ಮುಂದಿನ ಸ್ಟೇಷನ್ನಿಂದ ಅತ್ರ ಇರ್ಬೇಕು, ಮಿಸ್‌ಗೆ ಗೊತ್ತಿರ್ತದೆ ಅಂದ್ಕೊಂಡ್ವಿ. ಆಮೇಲೆ ಅದ್ರ ಮುಂದಿನ ಸ್ಟೇಷನ್ ಅಂದ್ಕೊಂಡ್ವಿ."

ಮುನಿಲಕ್ಷ್ಮಿ ತಲೆ ತಗ್ಗಿಸಿದ್ದಳು. "ನಿದ್ದೇಲಿ ನಗ್ತಾ ಇದ್ರಿ ಮೇಡಂ" ಅಂದಳು. "ಎಬ್ಬಿಸಾಕೆ ಮನಸ್ ಬರ್ಲಿಲ್ಲ."

ಬೇರೆ ಯಾವ ಊರಿನ ಮಕ್ಕಳೂ ಈ ತಪ್ಪು ಮಾಡುತ್ತಿರಲಿಲ್ಲ. ನಮ್ಮ ಮಕ್ಕಳಿಗೆ ಗುರುಗಳ ನಿದ್ದೆಯೂ ಗೌರವಕ್ಕೆ ಸೇರಿದ್ದು. ಅದನ್ನು ಕಲಿಸಿದವರು ನಾವೇ. ನನ್ನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಕಂಪನಿಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಮೆಟ್ರೊ ಹತ್ತಿ ಬಂದ ದಾರಿಗೇ ವಾಪಸು ಓಡಿದೆವು. ತಲುಪಿದಾಗ ಹತ್ತೂವರೆ ದಾಟಿತ್ತು. ಪರೀಕ್ಷೆ ಮುಗಿದಿತ್ತು. ಒಬ್ಬ ಅಧಿಕಾರಿ ಹೊರಗೆ ಬಂದು ನಿಂತರು. "ಯಾಕೆ ಮೇಡಂ, ಟ್ರೈನ್ ಲೇಟಾ?" ಎಂದು ಅವರೇ ಕೇಳಿದರು. ದೇವರೇ ಬಾಯಿಗೆ ಉತ್ತರ ಇಟ್ಟ ಹಾಗಾಯಿತು. "ಹೌದು ಸರ್, ತುಂಬಾ ಲೇಟು" ಅಂದೆ.

"ನಾನೂ ಮಾಲೂರಿಂದ ಅದೇ ಟ್ರೈನಲ್ಲಿ ಬಂದೆ ಮೇಡಂ" ಅಂದರು ಅವರು, ಬೇಸರದಿಂದ. "ಇವತ್ತು ಎರಡು ನಿಮಿಷ ಮುಂಚೇನೇ ಬಂತು."

ನಾನು ನಾಚಿಕೆಯಿಂದ ಭೂಮಿಗಿಳಿದುಹೋದೆ. ನಿದ್ದೆ ಬಂತು ಅಂದಿದ್ದರೆ ನಕ್ಕು ಒಳಗೆ ಬಿಡುತ್ತಿದ್ದರೋ ಏನೋ. ಮಕ್ಕಳ ಎದುರಿಗೆ ಸುಳ್ಳಿ ಅನ್ನಿಸಿಕೊಂಡ ಮೇಲೆ ಆ ಬಾಗಿಲೂ ಮುಚ್ಚಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪ್ರಾಂಶುಪಾಲರಿಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಕೊಂಡು, "ಹೋಗುವಾಗ ಸ್ಟೇಷನ್ನಲ್ಲಿ ಫೋಟೊ ತೆಗೆದಿದ್ರಾ? ಹಾಗಾದ್ರೆ ವರದಿಗೆ ಏನೂ ತೊಂದರೆ ಇಲ್ಲ" ಅಂದರು.

ಸಂಜೆಯ ರೈಲಿನಲ್ಲಿ ಇಬ್ಬರನ್ನೂ ಕರೆದುಕೊಂಡು ನನ್ನ ಹಳೆಯ ಹೆಂಗಸರ ಬೋಗಿಗೇ ಹತ್ತಿದೆ. ಅಲ್ಲಿ ಎಲ್ಲ ಹಾಗೇ ಇತ್ತು. ವಾಪಸು ಬರುವಾಗ ಯಾರೂ ಮಲಗುವುದಿಲ್ಲ. ಮನೆಗೆ ಹೋದೊಡನೆ ಒಲೆ ಹಚ್ಚಬೇಕಲ್ಲ, ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಎಲ್ಲ ಬೋಗಿಯಲ್ಲೇ. ನಮ್ಮ ಗುಂಪಿನ ಕಮಲಕ್ಕ ಸೀಟಿನ ಮೂಲೆಯಲ್ಲಿ ಕಾಲು ಮಡಚಿ ಕೂತಿದ್ದಳು. ಕಂಟೋನ್ಮೆಂಟಿನ ಒಂದು ಆಸ್ಪತ್ರೆಯ ಬಟ್ಟೆ ಉಗ್ರಾಣದಲ್ಲಿ ಇಪ್ಪತ್ತು ವರ್ಷದಿಂದ ಕೆಲಸ, ಓದಿದ್ದು ಏಳನೇ ಕ್ಲಾಸು. ನಡೆದದ್ದನ್ನು ಹೇಳಿದೆ. ಬೋಗಿಗೆ ಬೋಗಿಯೇ ನಕ್ಕಿತು. ಮುನಿಲಕ್ಷ್ಮಿ ಮಾತ್ರ ದುಪ್ಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ಕಮಲಕ್ಕ ಅವಳ ಮಡಿಲಿಗೆ ಒಂದು ರಾಶಿ ಅವರೆಕಾಯಿ ಸುರಿದಳು.

"ಅಳಮ್ಮಾ, ಯಾರ್ ಬ್ಯಾಡ ಅಂದೋರು? ಸುಲೀತಾ ಅಳು."

ಅವಳು ಸುಲಿಯುತ್ತಾ ಅತ್ತಳು. ಮಾಲೂರು ಬರುವಷ್ಟರಲ್ಲಿ ಅಳು ನಿಂತು, ಆಸ್ಪತ್ರೆಯಲ್ಲಿ ದಿನಕ್ಕೆ ಎಷ್ಟು ಹೊದಿಕೆ ಬದಲಾಗುತ್ತದೆ, ಯಾರು ಕೊಡುತ್ತಾರೆ, ಯಾರು ಬರೆದುಕೊಳ್ಳುತ್ತಾರೆ ಎಂದು ಕೇಳತೊಡಗಿದ್ದಳು. ಕಮಲಕ್ಕ ನನ್ನ ಕಡೆ ತಿರುಗಿ, "ಮೇಡಂ, ಈ ಪಾಪಾನ ಒಂದ್ ವಾರ ನನ್ ಪಕ್ಕ ಕೂರ್ಸು. ಆಮೇಲೆ ನಮ್ ಸ್ಟೋರ್ ಸಾರ್ ಅತ್ರ ಕರ್ಕೊಂಡ್ ಓಗ್ತೀನಿ. ಅವ್ರಿಗೂ ಲೆಕ್ಕ ಬರೆಯೋ ಮಕ್ಳು ಬೇಕು" ಅಂದಳು.

ಒಂದು ವಾರ! ಸೋಮವಾರಕ್ಕೆ ಇದ್ದದ್ದು ಮೂರೇ ದಿನ.

ಮರುದಿನ ಬೆಳಿಗ್ಗೆ ಕಾಮಸಮುದ್ರದ ಬಸ್ಸು ಹತ್ತಿದೆ. ಕಾಲೇಜಿನ ಮೇಡಂ ಊರಿಗೆ ಬಂದದ್ದು ನೋಡಿ ನಾರಾಯಣಪ್ಪ ಟವೆಲ್ಲಿನಿಂದ ಜಗಲಿ ಒರೆಸಿದರು. ನೀರು, ಬೆಲ್ಲ ಬಂತು. ಈ ಸಲ ಸುಳ್ಳು ಹೇಳಲಿಲ್ಲ. "ತಪ್ಪು ನಿಮ್ಮ ಮಗಳದಲ್ಲ ನಾರಾಯಣಪ್ಪ, ನಾನು ರೈಲಿನಲ್ಲಿ ಮಲಗಿಬಿಟ್ಟೆ" ಅಂದೆ.

ಅವರು ನನ್ನನ್ನೂ ಮಗಳನ್ನೂ ನೋಡಿದರು. "ನೀವ್ ಮನಿಕ್ಕಂಡ್ರಿ, ಸರಿ" ಅಂದರು. "ಇವ್ಳು ಏನ್ ಮಾಡ್ತಿದ್ಳು?"

"ಮೇಡಂನ ಎಂಗಪ್ಪಾ ಎಬ್ಬಿಸೋದು?" ಅಂದಳು ಮುನಿಲಕ್ಷ್ಮಿ ಬಾಗಿಲಲ್ಲೇ ನಿಂತು.

"ಲಾರಿ ಅತ್ತಿರೋನು ಮನಿಕ್ಕಂಡ್ರೆ ಕೆಳಗಿರೋನು ಕೂಗ್ಬೇಕು ಕಣಮ್ಮಿ. ದೊಡ್ಡೋರು ಚಿಕ್ಕೋರು ಅಂತ ಕೂತ್ಕಂಡ್ರೆ ಮಾಲು ಸಂತೆ ತಪ್ತದೆ." ಸ್ವಲ್ಪ ಹೊತ್ತು ಟವೆಲ್ ಮಡಚಿದರು, ಬಿಚ್ಚಿದರು. "ನೀವಾಗಿ ಇಲ್ಲೀಗಂಟ ಬಂದು ಒಪ್ಕಂಡ್ರಿ. ಈ ಸೋಮವಾರ ಬ್ಯಾಡ, ಅದ್ರ ಮುಂದಿನ ಸೋಮವಾರ. ಆಮೇಕೆ ನನ್ ಕೇಳ್ಬ್ಯಾಡಿ."

ಆ ವಾರವೆಲ್ಲ ಮುನಿಲಕ್ಷ್ಮಿ ಕಮಲಕ್ಕನ ಪಕ್ಕ ಕೂತು ರೈಲಿನಲ್ಲಿ ಹೋಗಿ ಬಂದಳು. ಹೋಗುವಾಗ ಕಮಲಕ್ಕನಿಗೆ ನಿದ್ದೆ, ಇವಳಿಗೆ ಕಾವಲು. ಬರುವಾಗ ಅವರೆಕಾಯಿ, ಜೊತೆಗೆ ಪಾಠ. ಶನಿವಾರ ಉಗ್ರಾಣದ ಅಧಿಕಾರಿ ಇವಳನ್ನು ಕರೆದು ಒಂದೇ ಪ್ರಶ್ನೆ ಕೇಳಿದರಂತೆ: ವಾರ್ಡಿಗೆ ಹೋದ ಹೊದಿಕೆಗಳಲ್ಲಿ ಎರಡು ವಾಪಸು ಬರಲಿಲ್ಲ, ಮೊದಲು ಏನು ಮಾಡುತ್ತೀಯ? ನಾನು ಕಲಿಸಿದ್ದ ಪಾಠದಲ್ಲಿ ಅದಕ್ಕೆ ನಮೂನೆ ಇದೆ, ಕಾಲಂ ಇದೆ. ಇವಳು "ಮೊದ್ಲು ಯಾರ್ನೂ ಬಯ್ಬಾರ್ದು ಸಾರ್. ಮಂಚದ ಕೆಳಗೆ ನೋಡ್ಬೇಕು. ರೋಗಿ ಕಡೆಯೋರು ನೆಲಕ್ಕೆ ಆಸ್ಕೊಂಡು ಮನಿಕ್ಕೊಂಡಿರ್ತಾರೆ" ಅಂದಳಂತೆ. ಸೋಮವಾರದಿಂದ ಬಾ ಅಂದರು. ಚಿಕ್ಕಮ್ಮನ ಬಸ್ಸು ಆ ಸೋಮವಾರ ಇವಳನ್ನು ಬಿಟ್ಟು ಹೋಯಿತು. ಮೂರು ತಿಂಗಳ ಪತ್ರಕ್ಕೆ ನಾನು ಸಹಿ ಹಾಕಿದೆ. ಡಿಗ್ರಿ ಮುಗಿಯಿತು, ಅಲ್ಲೇ ಕೆಲಸ ಖಾಯಂ ಆಯಿತು. ಸೆಲ್ವಿ ಅಷ್ಟರಲ್ಲಿ ತಾನೇ ಎಲ್ಲೋ ಕೇಳಿ ಒಂದು ಕನ್ನಡಕದ ಕಂಪನಿ ಸೇರಿಕೊಂಡಿದ್ದಳು.

ಆಮೇಲೆ ನನ್ನ ಕೆಲಸದ ರೀತಿಯೇ ಬದಲಾಯಿತು. ಬ್ಯಾನರ್ ಕಟ್ಟಿಸುವುದು ಬಿಟ್ಟೆ. ಯಾವ ಬೋಗಿಯಲ್ಲಿ ಯಾರು ಕೂರುತ್ತಾರೆ, ಎಲ್ಲಿ ಇಳಿಯುತ್ತಾರೆ, ಏನು ಕೆಲಸ ಎಂದು ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮುದ್ರಣಾಲಯದವರು, ಔಷಧಿ ಅಂಗಡಿಯವರು, ವಕೀಲರ ಆಫೀಸಿನ ಗುಮಾಸ್ತರು, ಎಲ್ಲ ಒಂದೇ ರೈಲಿನಲ್ಲಿದ್ದರು. ಯಾವ ಮಗು ಯಾವ ಕೆಲಸ ಬೇಕು ಅಂದರೂ ಮೊದಲು ಒಂದು ವಾರ ಆ ಕೆಲಸದವರ ಪಕ್ಕದ ಸೀಟಿಗೆ ಕಳಿಸುತ್ತಿದ್ದೆ. ನಾಲ್ಕು ದಿನಕ್ಕೇ "ಬ್ಯಾಡ ಮೇಡಂ, ಇದು ನಂಗಲ್ಲ" ಎಂದು ವಾಪಸು ಬಂದವರೂ ಇದ್ದಾರೆ. ಅದೂ ಲಾಭವೇ. ಈಗ ಎಲ್ಲ ಕೆಲಸದ ಸುದ್ದಿಯೂ ಮೊಬೈಲಿನಲ್ಲಿ ಬರುತ್ತದೆ, ಮಕ್ಕಳು ಬೆರಳಿನಲ್ಲಿ ತಳ್ಳುತ್ತಾ ನೋಡುತ್ತಾರೆ. ನೋಡಲಿ. ಆದರೆ ನಿನಗೆ ಬೀಗದ ಕೈ ಕೊಟ್ಟ ಕಪಾಟಿನ ಕೆಳಗಿನ ಅರೆಯಲ್ಲಿ ಆ ನೋಟುಬುಕ್ ಇದೆ ಮಗಳೇ, ಗುಜರಿಗೆ ಹಾಕಬೇಡ.

ಕಳೆದ ತಿಂಗಳು ಪಿಂಚಣಿಯ ಯಾವುದೋ ಕಾಗದಕ್ಕೆ ಮೆಜೆಸ್ಟಿಕ್ಕಿನ ಕಡೆ ಹೋಗಬೇಕಾಯಿತು. ಬೆಳಗಿನ ರೈಲು, ಹೆಂಗಸರ ಬೋಗಿ, ಅದೇ ಮಂಜು. ಟಿಕೆಟ್ಟು ಕೊನೆಯ ಸ್ಟೇಷನ್ನಿಗೆ, ಚಿಂತೆಯಿಲ್ಲ ಎಂದು ತಲೆ ಒರಗಿಸಿದೆ. ಮತ್ತೆ ಅಪ್ಪ ಕಂಡರು. ಬಾಯಿ ತೆರೆದು ಮೊದಲ ಹೆಸರು ಕೂಗುವುದರಲ್ಲಿದ್ದರು, ಅಷ್ಟರಲ್ಲಿ ಯಾರೋ ಭುಜ ಹಿಡಿದು ಜೋರಾಗಿ ಅಲ್ಲಾಡಿಸಿದರು.

ಕಣ್ಣು ಬಿಟ್ಟರೆ ಗುರುತಿಲ್ಲದ ಒಬ್ಬ ಹುಡುಗಿ, ನಮ್ಮ ಕಾಲೇಜಿನ ಗುರುತಿನ ಚೀಟಿ ಕೊರಳಲ್ಲಿ. "ಏಳಿ ಮೇಡಂ, ವೈಟ್‌ಫೀಲ್ಡ್ ಬಂತು!"

"ಯಾರಮ್ಮ ನೀನು?"

"ಕ್ಯಾಸಂಬಳ್ಳಿ ಕಡೆಯೋಳು ಮೇಡಂ. ಮುನಿಲಕ್ಷ್ಮಕ್ಕನ ಪಕ್ಕ ಒಂದ್ ವಾರ ಕೂರಾಕೆ ಬಂದಿದೀನಿ. ಮೊದ್ಲನೇ ದಿನಾನೇ ಅಕ್ಕ ಏಳ್ಕೊಟ್ರು. ಈ ಟ್ರೈನಲ್ಲಿ ಯಾರ್ ಮನಿಕ್ಕೊಂಡಿದ್ರೂ ಎಬ್ಬಿಸ್ಬೇಕು, ದೊಡ್ಡೋರು ಅಂತ ಎದ್ರುಬಾರ್ದು. ಮೇಡಂ ಬಂದ್ರೆ ಮಾತ್ರ ವೈಟ್‌ಫೀಲ್ಡಲ್ಲಿ ಎಬ್ಬಿಸ್ಬೇಕು, ನಗ್ತಾ ಇದ್ರೂ ಬಿಡ್ಬಾರ್ದು ಅಂತ. ಆ ಮೇಡಂ ನೀವೇ ಅಂತ ಈಗ್ತಾನೆ ತೋರ್ಸಿದ್ರು."

ಬೋಗಿಯ ಆ ತುದಿಯಲ್ಲಿ ಕಮಲಕ್ಕನ ಪಕ್ಕ ಮುನಿಲಕ್ಷ್ಮಿ ಕೂತಿದ್ದಳು. ನನ್ನನ್ನೇ ನೋಡುತ್ತಾ ಬಾಯಿಗೆ ದುಪ್ಪಟ್ಟಾ ಅಡ್ಡ ಹಿಡಿದಿದ್ದಳು.

ನನ್ನ ಟಿಕೆಟ್ಟು ಕೊನೆಯ ತನಕ ಇದೆ ಎಂದು ಆ ಹುಡುಗಿಗೆ ಹೇಳಲಿಲ್ಲ. ಜೀವನದಲ್ಲಿ ಮೊದಲ ಸಲ ಒಬ್ಬ ಮೇಡಂನ ಭುಜ ಹಿಡಿದು ಎಬ್ಬಿಸಿದ್ದಾಳೆ. ಬ್ಯಾಗು ಎತ್ತಿಕೊಂಡು ವೈಟ್‌ಫೀಲ್ಡಿನಲ್ಲೇ ಇಳಿದೆ.